ಥಾಮ್‌ಗೆ ಚಾಕು ಕಲಿಸುತ್ತ

ಹಾಗಲ್ಲ ಮಗಳೇ, ಬಲ ಬೇಡ.
ಸಿಂಪಿಗೂ ಒಂದು ಕೀಲು ಇದೆ, ಬಾಗಿಲಿಗಿದ್ದ ಹಾಗೆ;
ಅದರ ತಂಟೆಗೆ ಹೋಗಬೇಡ, ಪಕ್ಕದಿಂದ ಬಾ.
ತುದಿ ಒಳಗೆ ಹೋಯಿತೋ,
ಮೇಲ್ಚಿಪ್ಪಿನ ಬೆನ್ನು ಒರೆಸಿದ ಹಾಗೆ ಎಳೆ.
ಒಂದು ಸ್ನಾಯು ಸಿಗುತ್ತದೆ, ಅಂಗಿಯ ಗುಂಡಿಯಷ್ಟು,
ಅದು ತುಂಡಾದರೆ ಹಠವೆಲ್ಲ ಮುಗಿಯಿತು.
ಮಾಂಸ ಹರಿದರೆ ತೂಕದವನು ಬದಿಗೆ ತಳ್ಳುತ್ತಾನೆ.
ಕಿಲೋಗೆ ದುಡ್ಡು ಇಲ್ಲಿ. ಗಂಟೆಗಲ್ಲ.

ಕೈ ಸೀಳಿತಾ? ತೋರಿಸು.
ಟೊಂಗ್‌ಯೊಂಗಿನ ಈ ಶೆಡ್ಡಿನಲ್ಲಿ ನಲವತ್ತು ಹೆಂಗಸರು,
ಗಾಯವಿಲ್ಲದ ಕೈ ಒಂದಿದ್ದರೆ ಹುಡುಕು.
ಆದರೂ ಕಡಲ ನೀರನ್ನು ನಂಬಬೇಡ,
ಸಣ್ಣ ಗೀರೇ ಅದಕ್ಕೆ ದಿಡ್ಡಿ ಬಾಗಿಲು.
ತೊಳೆದು, ಔಷಧ ಹಚ್ಚಿ, ಪಟ್ಟಿ ಸುತ್ತಿಕೊಂಡು ಬಾ.

ಇವು ಇಲ್ಲಿಗೆ ಹೇಗೆ ಬಂದವು ಗೊತ್ತಾ?
ಬೇಸಿಗೆಯಲ್ಲಿ ಸಾಸಿವೆಗಿಂತ ಸಣ್ಣ ಮರಿ
ಅಲೆದು ಅಲೆದು
ಯಾರದೋ ಚಿಪ್ಪಿನ ಮೇಲೆ ಕೂರುತ್ತದೆ,
ನಾವೇ ತೂತು ಕೊರೆದು ತಂತಿಗೆ ಪೋಣಿಸಿಟ್ಟ ಚಿಪ್ಪು.
ಕೂತರೆ ಕೂತದ್ದೇ. ಜನ್ಮಕ್ಕೆ ಒಂದೇ ವಿಳಾಸ.
ಆಮೇಲೆ ದಡದ ಚೌಕಟ್ಟಿಗೆ ತರುತ್ತೇವೆ:
ಇಳಿತದಲ್ಲಿ ಒಣಗಲಿ, ಗಾಳಿ ತಿನ್ನಲಿ,
ಭರತ ಬಂದಾಗ ಮಾತ್ರ ಊಟ.
ತಿಂಗಳುಗಟ್ಟಲೆ ಈ ಅರೆಹೊಟ್ಟೆ.
ಸಾಯುವವು ಇಲ್ಲೇ ಸಾಯುತ್ತವೆ.
ಉಳಿದವನ್ನು ಬಿಳಿ ತೇಲುಬುರುಡೆಗಳ ಕೆಳಗೆ
ಆಳಕ್ಕೆ ಇಳಿಬಿಟ್ಟಾಗ ನೋಡಬೇಕು ಅವುಗಳ ಹಸಿವು!
ನಾನೂ ಹತ್ತೊಂಬತ್ತಕ್ಕೆ ಈ ಊರಿನ ಸೊಸೆಯಾಗಿ ಬಂದಾಗ...
ಇರಲಿ. ಅದು ಸಿಂಪಿಯ ಕಥೆಯಲ್ಲ.

ಎಲ್ಲ ಒಂದೇ ರುಚಿ ಅಂದುಕೊಂಡೀಯೆ.
ಪಡುವಣ ಕಡಲಿನ ಕಲ್ಲುಸಿಂಪಿ ಹೆಬ್ಬೆರಳ ಉಗುರಿನಷ್ಟು,
ಅಂಚಿಗೆ ಕಪ್ಪು ಜಾಲರಿ;
ಮೆಣಸಿನಪುಡಿ ಕಲಸಿ ಜಾಡಿಯಲ್ಲಿ ಹುಳಿ ಬರಿಸುತ್ತಾರೆ.
ಸೊಮ್‌ಜಿನ್ ಹೊಳೆ ಕಡಲು ಸೇರುವಲ್ಲಿ ಇನ್ನೊಂದು,
ಅಂಗೈ ಮೀರಿದ್ದು, ಚೆರ್ರಿ ಹೂ ಬಿಡುವಾಗ ಬಲಿಯುವುದು.
ಮುಳುಗುವವರು ಹೇಳುತ್ತಾರೆ,
ತಳದಲ್ಲಿ ಹೂ ಉದುರಿದ ಹಾಗೆ ಕಾಣುತ್ತದಂತೆ.
ನಮ್ಮದು ಮೊದಲು ಹಾಲು,
ಆಮೇಲೆ ತಂತಿಯಂಥ ಒಂದು ಉಪ್ಪು.
ನಿಮ್ಮ ಕಾ ಮಾವ್‌ನಲ್ಲಿ ಕಾಂಡ್ಲಾ ಬೇರಿಗೆ ಹತ್ತುತ್ತವೆ ಅಂದೆಯಲ್ಲ,
ಅದರ ರುಚಿ ಹೇಗೆ?
ಹೇಳಲು ಈ ಭಾಷೆ ಇನ್ನೂ ಸಾಲದು ನಿನಗೆ.
ಕೈಯಲ್ಲೇ ಬೇರು ಬಿಡಿಸಿ ತೋರಿಸುತ್ತೀ, ನಗುತ್ತೀ.

ಮನೆಗೆ ಒಯ್ದರೆ ಗುಳಿಯ ಬದಿ ಕೆಳಗಿರಲಿ,
ಒಳಗಿನ ಕಡಲು ಚೆಲ್ಲಬಾರದು.
ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಡು.
ನಲ್ಲಿ ನೀರಲ್ಲಿ ಮುಳುಗಿಸಿದರೆ ಸಾಯುತ್ತದೆ,
ಡಬ್ಬಿ ಬಿಗಿದರೆ ಉಸಿರು ಕಟ್ಟುತ್ತದೆ.
ಬಾಯಿ ತೆರೆದಿದ್ದರೆ ಬೆರಳಿಂದ ತಟ್ಟು;
ಮುಚ್ಚಿಕೊಂಡರೆ ಬದುಕಿದೆ.
ಇಲ್ಲವೋ, ಎಸೆ, ಬೆಲೆ ನೋಡಬೇಡ.
ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಇದಕ್ಕೇ.
ಮುತ್ತು? ನಲವತ್ತು ವರ್ಷದಲ್ಲಿ ಒಂದು ಸಿಕ್ಕಿತ್ತು,
ನುಚ್ಚಿನಷ್ಟು, ಬೂದಿಬಣ್ಣ,
ನನ್ನ ಗಂಡನ ಹಲ್ಲು ಮುರಿಯಿತು.

ಒಂದು ಚಳಿಗಾಲ ರಾಜಧಾನಿಯಿಂದ ವಾಂತಿಯ ಸುದ್ದಿ ಬಂತು.
ದೋಣಿಗಳ ಪಾಯಿಖಾನೆ ನೀರು ಅಂದರು.
ಸಿಂಪಿ ಏನು ಮಾಡೀತು? ಸೋಸಿ ಕುಡಿಯುವುದೇ ಅದರ ಕಸುಬು,
ನಾವು ಬಿಟ್ಟದ್ದನ್ನೂ ಕುಡಿಯಿತು.
ವಾಸನೆಯಿಲ್ಲ, ರುಚಿ ಕೆಡುವುದಿಲ್ಲ,
ಚೆನ್ನಾಗಿ ಕುದಿಸಿದರಷ್ಟೇ ಸಾಯುವಂಥದ್ದು.
ಆ ವರ್ಷ ಈ ಮೇಜಿನ ಮೇಲೆ ಬೆಕ್ಕು ಮಲಗಿತ್ತು.

ಹತ್ತೂವರೆಗೆ ಬಿಡುವು.
ಎಲ್ಲಕ್ಕಿಂತ ದೊಡ್ಡದನ್ನು ಬಿಡಿಸಿ ನಿನ್ನ ಬಾಯಿಗೆ ಹಿಡಿದೆ,
ಹಸಿಯದು, ಹೊಸಬರಿಗೆ ಇಲ್ಲಿ ಕೊಡುವ ಮೊದಲ ತುತ್ತು.
ನೀನು ಹಿಂದೆ ಸರಿದೆ.
ಕೈ ಏಪ್ರನ್ನಿನ ಮೇಲೆ, ಹೊಕ್ಕುಳ ಕೆಳಗೆ, ಒಂದೇ ಗಳಿಗೆ.
ಆಮೇಲೆ ಅದನ್ನು ನನ್ನ ಕೈಯಿಂದ ತೆಗೆದು
ಕುದಿಯುವ ಗಂಜಿಗೆ ಹಾಕಿದೆ,
ಅಂಚು ನೆರಿಗೆಗಟ್ಟಿದ ಮೇಲೂ ಕಾಯುತ್ತಲೇ ನಿಂತೆ.

ಹುಡುಗಿಗೆ ಹಸಿ ಸೇರುವುದಿಲ್ಲವಾ, ಕೇಳಿದಳು ಕುಮ್‌ಸಿಮ್.
ಇಲ್ಲ ಅಂದೆ, ಅವರ ಕಡೆ ಹಾಗೇ.
ಅವರ ಕಡೆ ಹೇಗೋ, ನನಗೇನು ಗೊತ್ತು.

ನಾಳೆಯಿಂದ ಒಲೆಯ ಪಕ್ಕದ ಜಾಗ ನಿನ್ನದು.
ಬುಟ್ಟಿ ನಾನು ಎತ್ತುತ್ತೇನೆ.
ಗ್ಲೌಸ್ ಹಾಕು, ಎರಡೂ ಜೊತೆ.
ಹಾಂ, ಹಾಗೆ. ಪಕ್ಕದಿಂದ.